ಗ್ಯಾರಿ ಕಿಲ್ಡಾಲ್

ಗ್ಯಾರಿ ಆರ್ಲೆನ್ ಕಿಲ್ಡಾಲ್ (ಮೇ 19, 1942 – ಜುಲೈ 11, 1994) ಅಮೆರಿಕದ ಗಣಕ ವಿಜ್ಞಾನಿ, ಅಧ್ಯಾಪಕ ಹಾಗೂ ಉದ್ಯಮಿ. ಮೈಕ್ರೋಪ್ರೊಸೆಸರ್ ಆಧಾರಿತ ಚಿಕ್ಕ ಗಣಕಯಂತ್ರಗಳಿಗಾಗಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು (ಆಪರೇಟಿಂಗ್ ಸಿಸ್ಟಮ್) ರಚಿಸಿದವರು ಇವರು. ಯಂತ್ರಾಂಶಕ್ಕೆ ಸಂಬಂಧಿಸಿದ ಕೆಲಸಗಳನ್ನು ವ್ಯವಸ್ಥೆಯ ಉಳಿದ ಭಾಗದಿಂದ ಬೇರ್ಪಡಿಸಿ, ಆ ಭಾಗಕ್ಕೆ ಬಯಾಸ್ ಎಂಬ ಹೆಸರನ್ನು ಇಟ್ಟವರೂ ಇವರೇ. ಒಂದೇ ವ್ಯವಸ್ಥೆಯನ್ನು ಹಲವು ಗಣಕಗಳಲ್ಲಿ ನಡೆಸಬಹುದೆಂಬುದನ್ನು ಈ ವಿಂಗಡಣೆ ಸಾಧಿಸಿ ತೋರಿಸಿತು. ಕಾರ್ಯಾಚರಣ ವ್ಯವಸ್ಥೆಯು ಗಣಕದೊಡನೆ ಹುಟ್ಟಿ ಬರುವ ಅಂಗವಲ್ಲ, ಬಳಕೆದಾರನು ಆರಿಸಿಕೊಳ್ಳಬಹುದಾದ ಪ್ರತ್ಯೇಕ ವಸ್ತು ಎಂಬ ತಿಳಿವಳಿಕೆಯೂ ಅದರೊಂದಿಗೆ ಬಂದಿತು. ಇಂದು ಗಣಕವನ್ನು ಚಾಲೂ ಮಾಡಿದಾಗ ಬೂಟ್ ಲೋಡರ್ ಪಟ್ಟಿಯೊಂದನ್ನು ತೋರಿಸಿ, ವಿಂಡೋಸ್ ಬೇಕೇ ಲಿನಕ್ಸ್ ಬೇಕೇ ಎಂದು ಕೇಳುವುದರ ಹಿಂದೆ ಈ ತಿಳಿವಳಿಕೆಯೇ ಇದೆ.

ಸಾಮಾನ್ಯ ಓದುಗರು ಕಿಲ್ಡಾಲ್ ಅವರನ್ನು ಬಲ್ಲದ್ದು ಹೆಚ್ಚಾಗಿ ಒಂದು ದಂತಕಥೆಯ ಮೂಲಕ. ಐಬಿಎಂ ಸಂಸ್ಥೆಯವರು ಮನೆ ಬಾಗಿಲಿಗೆ ಬಂದಾಗ ವಿಮಾನ ಹಾರಿಸಲು ಹೋಗಿ ಭಾಗ್ಯವನ್ನು ಕಳೆದುಕೊಂಡವರು ಎಂಬ ಆ ಕಥೆ ಪೂರ್ಣ ಸತ್ಯವಲ್ಲ. ಅದರ ವಿವರ ಮುಂದೆ ಬರುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಕಿಲ್ಡಾಲ್ ಜನಿಸಿದ್ದು ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ. ತಂದೆ ಜೋಸೆಫ್ ಕಿಲ್ಡಾಲ್ ನಾರ್ವೆ ಮೂಲದ ಕುಟುಂಬಕ್ಕೆ ಸೇರಿದ ನಾವಿಕರು. ಅಜ್ಜ ಸ್ಥಾಪಿಸಿದ್ದ ನೌಕಾಯಾನ ವಿದ್ಯೆಯ ಶಾಲೆಯನ್ನು ಮನೆಯವರೇ ನಡೆಸುತ್ತಿದ್ದರು. ಕಿಲ್ಡಾಲ್ ಕೂಡ ಗಣಿತದ ಉಪಾಧ್ಯಾಯರಾಗಬೇಕೆಂಬ ಆಸೆಯಿಂದಲೇ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಗಣಕದ ಸಂಪರ್ಕಕ್ಕೆ ಬಂದ ಮೇಲೆ ಅವರ ಆಸಕ್ತಿ ಆ ಕಡೆಗೆ ತಿರುಗಿತು. ಬೋಧನೆಯ ಒಲವು ಮಾತ್ರ ಕಡೆಯವರೆಗೂ ಅವರನ್ನು ಬಿಡಲಿಲ್ಲ.

1963ರಲ್ಲಿ ಡೊರೊಥಿ ಮೆಕ್‌ಇವನ್ ಅವರೊಡನೆ ವಿವಾಹವಾಯಿತು. 1967ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ವಿಯೆಟ್ನಾಂ ಯುದ್ಧದ ಕಾಲವಾದ್ದರಿಂದ ಸೈನಿಕ ಸೇವೆ ಅನಿವಾರ್ಯವಾಗಿತ್ತು. ಆ ಸೇವೆಯ ಅಂಗವಾಗಿ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾದಳದ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅಧ್ಯಾಪಕರಾದರು. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದಲೇ ಡಾಕ್ಟರೇಟ್ ಪದವಿ ಬಂದಿತು. ಕಂಪೈಲರ್‌ಗಳು ಕ್ರಮವಿಧಿಯನ್ನು (ಪ್ರೋಗ್ರಾಂ) ಹೇಗೆ ಉತ್ತಮಗೊಳಿಸಬಹುದು ಎಂಬ ವಿಷಯದ ಮೇಲೆ ಅವರು 1973ರಲ್ಲಿ ಪ್ರಕಟಿಸಿದ ಪ್ರಬಂಧ ದತ್ತಾಂಶ ಹರಿವಿನ ವಿಶ್ಲೇಷಣೆಗೆ ತಳಹದಿಯಾಯಿತು. ಅದರಲ್ಲಿನ ವಿಧಾನವನ್ನು ಗಣಕ ವಿಜ್ಞಾನದ ತರಗತಿಗಳಲ್ಲಿ ಈಗಲೂ ಕಲಿಸಲಾಗುತ್ತದೆ. ಸಿಪಿ/ಎಂ ಎಂಬುದನ್ನು ಬರೆಯದೇ ಇದ್ದಿದ್ದರೂ ವಿದ್ವತ್ ಲೋಕದಲ್ಲಿ ಅವರ ಹೆಸರು ಉಳಿಯುತ್ತಿತ್ತು.

ಇಂಟೆಲ್ ಸಂಪರ್ಕ

1971ರಲ್ಲಿ ಇಂಟೆಲ್ ಸಂಸ್ಥೆ 4004 ಎಂಬ ಮೈಕ್ರೋಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಜಾಹೀರಾತನ್ನು ಕಂಡ ಕಿಲ್ಡಾಲ್ 25 ಡಾಲರ್ ಕೊಟ್ಟು ಒಂದನ್ನು ತರಿಸಿಕೊಂಡರು. ಬೆರಳ ತುದಿಯಷ್ಟಿದ್ದ ಆ ಬಿಲ್ಲೆಯಿಂದ ಪೂರ್ಣ ಪ್ರಮಾಣದ ಗಣಕವೊಂದನ್ನು ಕಟ್ಟಬಹುದೆಂದು ಆಗ ನಂಬಿದವರು ಬಹಳ ಕಡಿಮೆ. ಕಿಲ್ಡಾಲ್ ರಜೆಯ ದಿನಗಳಲ್ಲಿ ಇಂಟೆಲ್ ಸಂಸ್ಥೆಗೆ ಸಲಹೆಗಾರರಾಗಿ ದುಡಿಯತೊಡಗಿದರು. 1973ರಲ್ಲಿ ಪಿಎಲ್/ಎಂ ಎಂಬ ಭಾಷೆಯನ್ನು ರೂಪಿಸಿದರು. ಅಂದಿನವರೆಗೆ ಯಂತ್ರಭಾಷೆಯಲ್ಲಿಯೇ ಬರೆಯಬೇಕಿದ್ದ ಕ್ರಮವಿಧಿಗಳನ್ನು ಮೇಲ್ಮಟ್ಟದ ಭಾಷೆಯಲ್ಲಿ ಬರೆಯಲು ಇದರಿಂದ ಸಾಧ್ಯವಾಯಿತು.

ಸಿಪಿ/ಎಂ

ಇಂಟೆಲ್ ಕೊಟ್ಟ ಗಣಕವೇನೋ ಕಿಲ್ಡಾಲ್ ಅವರ ಕೈಯಲ್ಲಿತ್ತು. ಕ್ರಮವಿಧಿಗಳನ್ನು ಉಳಿಸಿಡಲು ಮಾತ್ರ ಕಾಗದದ ಪಟ್ಟಿಯಲ್ಲದೆ ಬೇರೆ ಸಾಧನವಿರಲಿಲ್ಲ. ಆ ಹೊತ್ತಿಗೆ ಷುಗಾರ್ಟ್ ಸಂಸ್ಥೆಯ 8 ಅಂಗುಲದ ಫ್ಲಾಪಿ ಚಾಲಕ ಬಂದಿತ್ತು. ಅದನ್ನು ಗಣಕಕ್ಕೆ ಜೋಡಿಸುವ ನಿಯಂತ್ರಕವನ್ನು ಕಟ್ಟಲು ಕಿಲ್ಡಾಲ್ ತಾವೇ ಯತ್ನಿಸಿ ಸೋತರು. ಕಡೆಗೆ ಸ್ನೇಹಿತ ಜಾನ್ ಟೊರೋಡೆ ಅದನ್ನು ಸಿದ್ಧಗೊಳಿಸಿಕೊಟ್ಟರು. ಫ್ಲಾಪಿಯಲ್ಲಿನ ಕಡತಗಳನ್ನು ನಿರ್ವಹಿಸಲು ಕಿಲ್ಡಾಲ್ ಬರೆದ ಕ್ರಮವಿಧಿಯೇ ಸಿಪಿ/ಎಂ. 1974ರಲ್ಲಿ, ಮಾಂಟೆರೆಯ ಪಕ್ಕದ ಪುಟ್ಟ ಊರಾದ ಪೆಸಿಫಿಕ್ ಗ್ರೋವ್‌ನಲ್ಲಿ ಅದು ಮೊದಲ ಬಾರಿಗೆ ಕೆಲಸ ಮಾಡಿತು. ಕಿಲ್ಡಾಲ್ ಇದನ್ನು ಇಂಟೆಲ್ ಸಂಸ್ಥೆಗೆ ಮಾರಲು ಮುಂದಾದರು. ಇಂಟೆಲ್ ಪಿಎಲ್/ಎಂ ಭಾಷೆಯನ್ನು ತೆಗೆದುಕೊಂಡು ಸಿಪಿ/ಎಂ ಬೇಡವೆಂದಿತು.

ಗಂಡ ಹೆಂಡತಿ ಇಬ್ಬರೂ ಸೇರಿ ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ನಿಯತಕಾಲಿಕೆಗಳಲ್ಲಿ ಜಾಹೀರಾತು ಕೊಟ್ಟು, ಸಿಪಿ/ಎಂ ಫ್ಲಾಪಿಯನ್ನು 70 ಡಾಲರಿಗೆ ಅಂಚೆಯ ಮೂಲಕ ಮಾರತೊಡಗಿದರು. ಬರವಣಿಗೆ ಕಿಲ್ಡಾಲ್ ಅವರದು. ವ್ಯವಹಾರದ ಭಾರವೆಲ್ಲ ಡೊರೊಥಿಯವರದು. ಹೆಸರಿನ ಮೊದಲ ಪದ ಮುಂದೆ ಬಿಟ್ಟುಹೋಗಿ ಡಿಜಿಟಲ್ ರಿಸರ್ಚ್ ಎಂದಷ್ಟೇ ಉಳಿಯಿತು. ಈ ಸಂಸ್ಥೆಯ ಏಳಿಗೆಯಲ್ಲಿ ಡೊರೊಥಿಯವರ ಪಾಲನ್ನು ಅನೇಕ ಬರಹಗಳು ಸಾಲದಷ್ಟು ಗುರುತಿಸಿಲ್ಲ.

ಬಯಾಸ್ ಮತ್ತು ಗಣಕದ ಆರಂಭ

ಅಂದಿನ ಗಣಕಗಳಲ್ಲಿ ಒಂದರಂತೆ ಮತ್ತೊಂದು ಇರುತ್ತಿರಲಿಲ್ಲ. ಮೈಕ್ರೋಪ್ರೊಸೆಸರ್ ಒಂದೇ ಆಗಿದ್ದರೂ ಫ್ಲಾಪಿ ನಿಯಂತ್ರಕ, ಕೀಲಿಮಣೆ, ಪರದೆ, ಮುದ್ರಣಯಂತ್ರಗಳನ್ನು ಪ್ರತಿಯೊಬ್ಬ ತಯಾರಕನೂ ತನ್ನದೇ ರೀತಿಯಲ್ಲಿ ಜೋಡಿಸುತ್ತಿದ್ದನು. ಹೊಸ ಯಂತ್ರ ಬಂದಾಗಲೆಲ್ಲ ಸಿಪಿ/ಎಂ ಎಂಬುದನ್ನು ಅಲ್ಲಲ್ಲಿ ತಿದ್ದಿ ಕೊಡಬೇಕಾಗುತ್ತಿತ್ತು. ಇಮ್ಸಾಯ್ ಎಂಬ ಗಣಕ ತಯಾರಿಕಾ ಸಂಸ್ಥೆ ತನ್ನ ಯಂತ್ರಕ್ಕೆ ಈ ವ್ಯವಸ್ಥೆ ಬೇಕೆಂದು ಕೇಳಿದಾಗ ಕಿಲ್ಡಾಲ್ ತಿದ್ದುವ ಕೆಲಸಕ್ಕೆ ಬೇಸತ್ತಿದ್ದರು. ಆ ಬೇಸರದಿಂದಲೇ ಅವರ ಬಹುಮುಖ್ಯ ಕೊಡುಗೆ ಹುಟ್ಟಿತು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಎಲ್ಲವನ್ನೂ ಒಂದು ಸಣ್ಣ ಭಾಗಕ್ಕೆ ಒಟ್ಟುಗೂಡಿಸಿ, ಅದನ್ನು ಬಯಾಸ್ ಎಂದು ಕರೆದರು. ಕಡತಗಳನ್ನು ನೋಡಿಕೊಳ್ಳುವ ಬಿಡಾಸ್ ಹಾಗೂ ಆಜ್ಞೆಗಳನ್ನು ಸ್ವೀಕರಿಸುವ ಸಿಸಿಪಿ ಎಂಬ ಭಾಗಗಳು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿ ಉಳಿದವು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಹರಿಯುವ ನೀರು ಒಂದೇ. ಅದನ್ನು ತನ್ನ ಗದ್ದೆಯ ಇಳಿಜಾರಿಗೆ ತಕ್ಕಂತೆ ಒಳಗೆ ಬಿಟ್ಟುಕೊಳ್ಳುವ ಬದು ಮಡಿ ಬೇರೆ ಬೇರೆ. ಬಯಾಸ್ ಎಂಬುದು ಗದ್ದೆಯ ಬದಿಯ ಆ ಏರ್ಪಾಡಿನಂಥದು.

ಸಿಪಿ/ಎಂ ಆರಂಭವಾಗುವ ಬಗೆಯನ್ನು ತಿಳಿದುಕೊಂಡರೆ ಇಂದಿನ ಬೂಟ್ ಲೋಡರ್‌ಗಳನ್ನು ಅರ್ಥಮಾಡಿಕೊಳ್ಳುವುದು ಸುಲಭ. ವಿದ್ಯುತ್ ಬಂದ ಕೂಡಲೇ ಗಣಕದ ಸ್ಮೃತಿಯಲ್ಲಿ ವ್ಯವಸ್ಥೆ ಇರುವುದಿಲ್ಲ; ವ್ಯವಸ್ಥೆ ಫ್ಲಾಪಿಯಲ್ಲಿರುತ್ತದೆ. ಆದರೆ ಫ್ಲಾಪಿಯನ್ನು ಓದಬೇಕಾದರೆ ವ್ಯವಸ್ಥೆ ಬೇಕು. ಬೀಜ ಮೊದಲೋ ಮರ ಮೊದಲೋ ಎಂಬ ಈ ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸಲಾಗುತ್ತದೆ. ಗಣಕದ ಶಾಶ್ವತ ಸ್ಮೃತಿಯಲ್ಲಿರುವ ಪುಟ್ಟ ಕ್ರಮವಿಧಿ ಫ್ಲಾಪಿಯ ಮೊದಲ ಖಂಡವನ್ನು (ಸೆಕ್ಟರ್) ಮಾತ್ರ ಓದುತ್ತದೆ. 8 ಅಂಗುಲದ ಫ್ಲಾಪಿಯಲ್ಲಿ ಆ ಖಂಡದ ಗಾತ್ರ ಕೇವಲ 128 ಬೈಟ್. ಅಷ್ಟರಲ್ಲಿ ಅಡಗಿರುವ ಲೋಡರ್, ಫ್ಲಾಪಿಯ ಮೊದಲ ಎರಡು ಜಾಡುಗಳಲ್ಲಿ (ಟ್ರ್ಯಾಕ್) ಮೀಸಲಾಗಿ ಇಟ್ಟಿರುವ ಸಿಸಿಪಿ, ಬಿಡಾಸ್ ಮತ್ತು ಬಯಾಸ್‌ಗಳನ್ನು ಸ್ಮೃತಿಯ ಮೇಲ್ಭಾಗಕ್ಕೆ ತಂದು ಕೂರಿಸಿ, ನಿಯಂತ್ರಣವನ್ನು ಬಯಾಸ್‌ಗೆ ಒಪ್ಪಿಸುತ್ತದೆ. ಆಮೇಲೆ ಪರದೆಯ ಮೇಲೆ ಎ ಎಂಬ ಅಕ್ಷರವೂ ಬಾಣದ ಗುರುತೂ ಕಾಣಿಸಿಕೊಳ್ಳುತ್ತವೆ. ಚಾಲಕಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಕರೆಯುವ ಪದ್ಧತಿ ಸಿಪಿ/ಎಂ ಮೂಲಕವೇ ಡಾಸ್‌ಗೂ ಅಲ್ಲಿಂದ ವಿಂಡೋಸ್‌ಗೂ ಬಂದಿದೆ.

ಮೊದಲ ಖಂಡದಲ್ಲಿ ಏನಿದೆಯೆಂಬುದನ್ನು ಗಣಕವು ವಿಚಾರಿಸುವುದಿಲ್ಲ. ಇದ್ದುದನ್ನು ಓದಿ ನಡೆಸುತ್ತದೆ. ಆದ್ದರಿಂದ ಬೇರೆ ವ್ಯವಸ್ಥೆಯ ಫ್ಲಾಪಿಯನ್ನು ಹಾಕಿದರೆ ಅದೇ ಗಣಕ ಬೇರೆ ವ್ಯವಸ್ಥೆಯೊಡನೆ ಏಳುತ್ತದೆ. ಒಂದೇ ಗಣಕದಲ್ಲಿ ಎರಡು ವ್ಯವಸ್ಥೆಗಳನ್ನು ಇಟ್ಟುಕೊಳ್ಳುವ ಅತ್ಯಂತ ಹಳೆಯ ಹಾಗೂ ಸರಳವಾದ ವಿಧಾನ ಇದು.

1980ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಆಪಲ್ 2 ಗಣಕಕ್ಕಾಗಿ ಸಾಫ್ಟ್‌ಕಾರ್ಡ್ ಎಂಬ ಹಲಗೆಯನ್ನು ತಯಾರಿಸಿತು. ಝಡ್80 ಪ್ರೊಸೆಸರ್ ಇದ್ದ ಆ ಹಲಗೆಯನ್ನು ಒಳಗೆ ಸಿಕ್ಕಿಸಿದರೆ ಆಪಲ್ ಗಣಕ ಸಿಪಿ/ಎಂ ನಡೆಸುತ್ತಿತ್ತು. ಆಪಲ್‌ನ ಫ್ಲಾಪಿಯನ್ನು ಹಾಕಿ ಮತ್ತೆ ಆರಂಭಿಸಿದರೆ ಎಂದಿನ ಆಪಲ್ ಆಗುತ್ತಿತ್ತು. 1985ರ ಕಮೊಡೋರ್ 128 ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸಿಪಿ/ಎಂ ಫ್ಲಾಪಿಯನ್ನಿಟ್ಟು ಚಾಲೂ ಮಾಡಿದರೆ ಸಿಪಿ/ಎಂ, ಕಮೊಡೋರ್ ಗುರುತಿನ ಕೀಲಿಯನ್ನು ಒತ್ತಿ ಹಿಡಿದರೆ ಹಳೆಯ ಕಮೊಡೋರ್ 64, ಏನೂ ಮಾಡದಿದ್ದರೆ ತನ್ನದೇ ರೂಪ. ಹೀಗೆ ಅದಕ್ಕೆ ಮೂರು ಅವತಾರಗಳಿದ್ದವು. ವರ್ಡ್‌ಸ್ಟಾರ್, ಡಿಬೇಸ್ 2 ಮುಂತಾದ ತಂತ್ರಾಂಶಗಳು ಸಿಪಿ/ಎಂ ಮೇಲೆಯೇ ಪ್ರಸಿದ್ಧಿಗೆ ಬಂದವು. 1981ರ ವೇಳೆಗೆ ಸುಮಾರು 3000 ಬಗೆಯ ಗಣಕಗಳಲ್ಲಿ ಸಿಪಿ/ಎಂ ನಡೆಯುತ್ತಿತ್ತು. ಡಿಜಿಟಲ್ ರಿಸರ್ಚ್‌ನ ವಾರ್ಷಿಕ ವರಮಾನ 54 ಲಕ್ಷ ಡಾಲರ್ ಆಗಿತ್ತು.

ಐಬಿಎಂ ಪ್ರಕರಣ

1980ರಲ್ಲಿ ಐಬಿಎಂ ತನ್ನ ವೈಯಕ್ತಿಕ ಗಣಕವನ್ನು ಗುಟ್ಟಾಗಿ ಸಿದ್ಧಗೊಳಿಸುತ್ತಿತ್ತು. ಕಾರ್ಯಾಚರಣ ವ್ಯವಸ್ಥೆಗಾಗಿ ಅದರ ಪ್ರತಿನಿಧಿಗಳು ಮೊದಲು ಹೋದದ್ದು ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಬಳಿಗೆ. ಸಾಫ್ಟ್‌ಕಾರ್ಡ್‌ನೊಂದಿಗೆ ಸಿಪಿ/ಎಂ ಮಾರುತ್ತಿದ್ದ ಕಾರಣ ಅದು ಮೈಕ್ರೋಸಾಫ್ಟ್‌ನದೇ ಎಂದು ಅವರು ಭಾವಿಸಿದ್ದರು. ಗೇಟ್ಸ್ ಅವರನ್ನು ಕಿಲ್ಡಾಲ್ ಬಳಿಗೆ ಕಳುಹಿಸಿದರು.

ಐಬಿಎಂ ತಂಡ ಪೆಸಿಫಿಕ್ ಗ್ರೋವ್‌ಗೆ ಬಂದ ಬೆಳಿಗ್ಗೆ ಕಿಲ್ಡಾಲ್ ತಮ್ಮ ವಿಮಾನದಲ್ಲಿ ಹೊರಟಿದ್ದು ನಿಜ. ಆದರೆ ಅದು ವಿಹಾರವಾಗಿರಲಿಲ್ಲ. ಓಕ್ಲೆಂಡ್‌ನ ಬಿಲ್ ಗಾಡ್ಬೌಟ್ ಎಂಬ ಗ್ರಾಹಕರಿಗೆ ಕೈಪಿಡಿಗಳನ್ನು ತಲುಪಿಸಲು, ಸಹೋದ್ಯೋಗಿ ಟಾಮ್ ರೋಲ್ಯಾಂಡರ್ ಅವರೊಡನೆ ಹೋಗಿದ್ದರು. ಪರವಾನಗಿಯ ಮಾತುಕತೆಯನ್ನು ಎಂದಿನಂತೆ ಡೊರೊಥಿಯವರಿಗೆ ಬಿಟ್ಟಿದ್ದರು. ಮಾತಿಗೆ ಮೊದಲೇ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕೆಂದು ಐಬಿಎಂ ಹೇಳಿತು. ಅದರ ಷರತ್ತುಗಳು ಏಕಪಕ್ಷೀಯವಾಗಿದ್ದುದರಿಂದ ವಕೀಲರ ಸಲಹೆಯಂತೆ ಡೊರೊಥಿ ಸಹಿ ಮಾಡಲಿಲ್ಲ. ಮಧ್ಯಾಹ್ನ ಹಿಂದಿರುಗಿ ತಾವು ಐಬಿಎಂ ತಂಡವನ್ನು ಕಂಡೆವೆಂದು ಕಿಲ್ಡಾಲ್ ಹೇಳುತ್ತ ಬಂದರು. ಐಬಿಎಂ ತಂಡದ ಜ್ಯಾಕ್ ಸ್ಯಾಮ್ಸ್ ಅವರನ್ನು ಕಂಡ ನೆನಪಿಲ್ಲವೆಂದರು. ಈ ಭಿನ್ನಾಭಿಪ್ರಾಯ ಕೊನೆಗೂ ಬಗೆಹರಿಯಲಿಲ್ಲ. ಯಾವ ಹೇಳಿಕೆ ನಿಜವಾದರೂ, ಮಾತುಕತೆ ಮುರಿದದ್ದು ಒಪ್ಪಂದದ ಷರತ್ತುಗಳ ಮೇಲೆಯೇ ಹೊರತು ವಿಮಾನದ ಕಾರಣದಿಂದಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಐಬಿಎಂ ಪುನಃ ಮೈಕ್ರೋಸಾಫ್ಟ್ ಕಡೆಗೆ ತಿರುಗಿತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಸಂಸ್ಥೆಯ ಟಿಮ್ ಪ್ಯಾಟರ್ಸನ್ ಇಂಟೆಲ್ 8086 ಪ್ರೊಸೆಸರಿಗಾಗಿ 86-ಡಾಸ್ ಎಂಬ ವ್ಯವಸ್ಥೆಯನ್ನು ಬರೆದಿದ್ದರು. ಕ್ರಮವಿಧಿಗಳಿಗೆ ಅದು ಒದಗಿಸುತ್ತಿದ್ದ ಸೇವೆಗಳು ಸಿಪಿ/ಎಂ ಮಾದರಿಯಲ್ಲಿಯೇ ಇದ್ದವು. ಮೈಕ್ರೋಸಾಫ್ಟ್ ಅದರ ಹಕ್ಕುಗಳನ್ನು ಕೊಂಡು ಐಬಿಎಂಗೆ ಒದಗಿಸಿತು. ಹಳೆಯ ತಂತ್ರಾಂಶಗಳು ಹೊಸ ವ್ಯವಸ್ಥೆಗೆ ಸುಲಭವಾಗಿ ಬರಲೆಂದು ಮಾಡಿದ ಅನುಸರಣೆ ಇದೆಂದು ಪ್ಯಾಟರ್ಸನ್ ವಾದಿಸಿದರು. ತಮ್ಮ ಕೃತಿಯನ್ನು ನಕಲು ಮಾಡಲಾಗಿದೆಯೆಂದು ಕಿಲ್ಡಾಲ್ ಕೊನೆಯವರೆಗೂ ನಂಬಿದ್ದರು. ವ್ಯವಸ್ಥೆಯನ್ನು ಯಂತ್ರದಿಂದ ಬೇರ್ಪಡಿಸಿದವರ ಮುಂದೆ ಅದರ ಇನ್ನೊಂದು ಮುಖವೂ ಬಂದು ನಿಂತಿತ್ತು: ಬೇರ್ಪಟ್ಟ ವಸ್ತುವಿನ ಜಾಗದಲ್ಲಿ ಅಂಥದೇ ಮತ್ತೊಂದನ್ನು ತಂದಿಡುವುದು ಕಷ್ಟವೇನಲ್ಲ. ತಂತ್ರಾಂಶದ ಕೃತಿಸ್ವಾಮ್ಯದ ಕಾನೂನು ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ಕಿಲ್ಡಾಲ್ ನ್ಯಾಯಾಲಯಕ್ಕೆ ಹೋಗದೆ ಐಬಿಎಂ ಜೊತೆ ರಾಜಿಯಾದರು. ಡಾಸ್‌ನೊಂದಿಗೆ ಸಿಪಿ/ಎಂ-86 ಎಂಬ ತಮ್ಮ ಹೊಸ ಆವೃತ್ತಿಯನ್ನೂ ಐಬಿಎಂ ಮಾರಬೇಕೆಂಬುದು ರಾಜಿಯ ಷರತ್ತು.

ಹೀಗೆ ಆಗಸ್ಟ್ 12, 1981ರಂದು ಪ್ರಕಟವಾದ ಐಬಿಎಂ ಪಿಸಿ, ಕಾಗದದ ಮೇಲಾದರೂ, ಬಹುವ್ಯವಸ್ಥೆಗಳ ಗಣಕವಾಗಿತ್ತು. ಪಿಸಿ ಡಾಸ್, ಸಿಪಿ/ಎಂ-86, ಯುಸಿಎಸ್‌ಡಿ ಪಿ-ಸಿಸ್ಟಮ್ ಎಂಬ ಮೂರರಲ್ಲಿ ಬೇಕಾದುದನ್ನು ಗ್ರಾಹಕರು ಕೊಳ್ಳಬಹುದಾಗಿತ್ತು. ಫ್ಲಾಪಿಯೇ ಇಲ್ಲದಿದ್ದರೆ ಶಾಶ್ವತ ಸ್ಮೃತಿಯಲ್ಲಿದ್ದ ಬೇಸಿಕ್ ಭಾಷೆ ತಾನಾಗಿ ಆರಂಭವಾಗುತ್ತಿತ್ತು. ಆದರೆ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಅದೂ ಮಾರುಕಟ್ಟೆಗೆ ಬಂದದ್ದು ತಿಂಗಳುಗಳ ತರುವಾಯ, 1982ರಲ್ಲಿ. ಆರು ಪಟ್ಟು ಹಣ ಕೊಟ್ಟು ತಡವಾಗಿ ಬಂದುದನ್ನು ಕೊಳ್ಳುವವರು ಯಾರು? ಆಯ್ಕೆ ಇತ್ತು, ಆಯ್ದುಕೊಳ್ಳುವ ಕಾರಣವಿರಲಿಲ್ಲ. ಈ ಬೆಲೆಯನ್ನು ನಿಗದಿಪಡಿಸಿದ ಐಬಿಎಂ ತಮ್ಮನ್ನು ವಂಚಿಸಿತೆಂಬ ನೋವು ಕಿಲ್ಡಾಲ್ ಅವರಲ್ಲಿ ಉಳಿಯಿತು.

ವಿಪರ್ಯಾಸವೆಂದರೆ, ಆ ಗಣಕದ ಶಾಶ್ವತ ಸ್ಮೃತಿಯಲ್ಲಿದ್ದ ಆರಂಭಿಕ ತಂತ್ರಾಂಶಕ್ಕೆ ಐಬಿಎಂ ಇಟ್ಟ ಹೆಸರೂ ಬಯಾಸ್ ಎಂದೇ. ಕಿಲ್ಡಾಲ್ ಅವರ ವ್ಯವಸ್ಥೆ ಪಿಸಿಯಿಂದ ಮರೆಯಾದರೂ ಅವರು ಕೊಟ್ಟ ಪದ ಪ್ರತಿಯೊಂದು ಪಿಸಿಯಲ್ಲಿಯೂ ಉಳಿಯಿತು. 1983ರಲ್ಲಿ ಹಾರ್ಡ್ ಡಿಸ್ಕ್ ಇರುವ ಪಿಸಿ ಎಕ್ಸ್‌ಟಿ ಬಂದಾಗ ಡಿಸ್ಕನ್ನು ನಾಲ್ಕು ಪಾಲುಗಳವರೆಗೆ ವಿಭಾಗಿಸುವ ಪಟ್ಟಿಯನ್ನು ಮೊದಲ ಖಂಡದಲ್ಲಿಯೇ ಸೇರಿಸಲಾಯಿತು. 512 ಬೈಟ್‌ಗಳ ಆ ಖಂಡದಲ್ಲಿ ಪಟ್ಟಿಗೆ 64 ಬೈಟ್, ಕೊನೆಯ ಗುರುತಿಗೆ 2 ಬೈಟ್. ಉಳಿದುದು ಆರಂಭಿಕ ಕ್ರಮವಿಧಿಗೆ. ಒಂದೊಂದು ಪಾಲಿನಲ್ಲಿ ಒಂದೊಂದು ವ್ಯವಸ್ಥೆಯನ್ನಿಟ್ಟು, ಬೇಕಾದುದನ್ನು ಸಕ್ರಿಯವೆಂದು ಗುರುತಿಸಿದರೆ ಗಣಕ ಅದರೊಡನೆ ಏಳುತ್ತಿತ್ತು. ಪ್ರತಿ ಸಲವೂ ಗುರುತನ್ನು ಬದಲಾಯಿಸುವ ಬದಲು ಪಟ್ಟಿಯಿಂದ ಆರಿಸುವಂತೆ ಮಾಡುವ ಗ್ರಬ್ ಎಂಬ ಬೂಟ್ ಲೋಡರನ್ನು ಎರಿಕ್ ಬೊಲೆಯ್ನ್ ರಚಿಸಿದ್ದು 1995ರಲ್ಲಿ, ಕಿಲ್ಡಾಲ್ ತೀರಿಕೊಂಡ ಮರುವರ್ಷ.

ನಂತರದ ಕೆಲಸಗಳು

ಐಬಿಎಂ ಪ್ರಕರಣದೊಂದಿಗೆ ಕಿಲ್ಡಾಲ್ ಅವರ ಸಾಧನೆ ಮುಗಿಯಿತೆಂದು ತಿಳಿಯುವುದು ತಪ್ಪು. ಡಿಜಿಟಲ್ ರಿಸರ್ಚ್ ಒಂದೇ ವೇಳೆಗೆ ಹಲವು ಕೆಲಸಗಳನ್ನು ನಡೆಸಬಲ್ಲ ಕನ್‌ಕರೆಂಟ್ ಸಿಪಿ/ಎಂ ವ್ಯವಸ್ಥೆಯನ್ನೂ, 1985ರಲ್ಲಿ ಜೆಮ್ ಎಂಬ ಚಿತ್ರರೂಪದ ಪರದೆಯನ್ನೂ ಹೊರತಂದಿತು. 1988ರಲ್ಲಿ ಬಂದ ಡಿಆರ್ ಡಾಸ್ ಮೈಕ್ರೋಸಾಫ್ಟ್‌ನ ಡಾಸ್‌ಗೆ ಪ್ರತಿಸ್ಪರ್ಧಿಯಾಯಿತು. ತಮ್ಮ ಮಾದರಿಯನ್ನು ಅನುಸರಿಸಿದ ವ್ಯವಸ್ಥೆಯನ್ನು ಈಗ ಅವರ ಸಂಸ್ಥೆಯೇ ಅನುಸರಿಸಬೇಕಾಗಿ ಬಂದಿತ್ತು.

ಕಿಲ್ಡಾಲ್ ಅವರ ಸ್ವಂತ ಆಸಕ್ತಿ ಆಗಲೇ ಬೇರೆಡೆಗೆ ಹೊರಳಿತ್ತು. ರೋಲ್ಯಾಂಡರ್ ಅವರೊಡನೆ ಸ್ಥಾಪಿಸಿದ ಮತ್ತೊಂದು ಸಂಸ್ಥೆಯ ಮೂಲಕ 1985ರಲ್ಲಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿಯಲ್ಲಿ ತಂದರು. ಮುದ್ರಿತ ಸಂಪುಟಗಳ ಸಾಲೊಂದು ಒಂದೇ ತಟ್ಟೆಯಲ್ಲಿ ಅಡಗಿ, ಪದವೊಂದನ್ನು ಟೈಪಿಸಿದರೆ ಹುಡುಕಿ ಕೊಡುವಂತಾದದ್ದು ಆ ಕಾಲಕ್ಕೆ ಹೊಸ ಸಂಗತಿ. 1983ರಿಂದ 1990ರವರೆಗೆ ಅಮೆರಿಕದ ಸಾರ್ವಜನಿಕ ದೂರದರ್ಶನದ ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮವನ್ನು ಸ್ಟೂವರ್ಟ್ ಷೇಫೆ ಅವರೊಡನೆ ನಡೆಸಿಕೊಟ್ಟರು. ತಮ್ಮ ಪ್ರತಿಸ್ಪರ್ಧಿಗಳ ಉತ್ಪನ್ನಗಳನ್ನೂ ಅಲ್ಲಿ ಅವರು ಸಮಾಧಾನದಿಂದ, ವಿದ್ಯಾರ್ಥಿಗಳಿಗೆ ಹೇಳುವಂತೆ ವಿವರಿಸುತ್ತಿದ್ದರು.

1991ರಲ್ಲಿ ಡಿಜಿಟಲ್ ರಿಸರ್ಚ್ ಸಂಸ್ಥೆ ನೊವೆಲ್‌ಗೆ ಮಾರಾಟವಾಯಿತು. ಕಿಲ್ಡಾಲ್ ಟೆಕ್ಸಾಸ್‌ನ ಆಸ್ಟಿನ್ ಬಳಿ ನೆಲೆಸಿದರು.

ಕೊನೆಯ ದಿನಗಳು

ಹಣದ ಕೊರತೆ ಕಿಲ್ಡಾಲ್ ಅವರಿಗೆ ಇರಲಿಲ್ಲ. ಕಾಡಿದ್ದು ಆ ವಿಮಾನದ ಕಥೆ. ಎಲ್ಲಿ ಹೋದರೂ ಜನ ಕೇಳುತ್ತಿದ್ದುದು ಅದೊಂದನ್ನೇ. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗದ 25ನೆಯ ವರ್ಷದ ಸಮಾರಂಭಕ್ಕೆ ಅವರಿಗೂ ಆಹ್ವಾನ ಬಂದಿತು. ಮುಖ್ಯ ಭಾಷಣಕ್ಕೆ ಕರೆದಿದ್ದುದು ಮಾತ್ರ ಅಲ್ಲಿ ಓದಿರದ ಬಿಲ್ ಗೇಟ್ಸ್ ಅವರನ್ನು. ಆ ವಿಭಾಗದಿಂದಲೇ ಡಾಕ್ಟರೇಟ್ ಪಡೆದಿದ್ದ ಕಿಲ್ಡಾಲ್ ಇದರಿಂದ ಬಹಳ ನೊಂದರು. ಈ ನೋವಿನಿಂದ ಬರೆಯತೊಡಗಿದ ಆತ್ಮಕಥನವನ್ನು ಪ್ರಕಟಿಸದೆ, ಪ್ರತಿಗಳನ್ನು ಆಪ್ತರಿಗಷ್ಟೇ ಕೊಟ್ಟರು. 1983ರಲ್ಲಿ ಡೊರೊಥಿಯವರಿಂದ ವಿಚ್ಛೇದನವಾಗಿತ್ತು. ಎರಡನೆಯ ವಿವಾಹವೂ ಉಳಿಯಲಿಲ್ಲ. ಕುಡಿತ ಹೆಚ್ಚಿತು.

ಜುಲೈ 8, 1994ರಂದು ಮಾಂಟೆರೆಯ ಪಾನಗೃಹವೊಂದರಲ್ಲಿ ಅವರ ತಲೆಗೆ ಪೆಟ್ಟಾಯಿತು. ಬಿದ್ದರೋ, ಯಾರಾದರೂ ತಳ್ಳಿದರೋ ಎಂಬುದು ಸ್ಪಷ್ಟವಾಗಲಿಲ್ಲ. ಮೂರು ದಿನಗಳ ನಂತರ, ಜುಲೈ 11ರಂದು, 52ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಟ್ಟೂರಾದ ಸಿಯಾಟಲ್‌ನಲ್ಲಿ ಸಮಾಧಿ ಮಾಡಲಾಯಿತು.

ಮರಣಾನಂತರ

ಡಿಆರ್ ಡಾಸ್ ಹಕ್ಕುಗಳನ್ನು ಕೊಂಡ ಕಾಲ್ಡೆರಾ ಸಂಸ್ಥೆ, ಪೈಪೋಟಿಯನ್ನು ಅನುಚಿತವಾಗಿ ಹತ್ತಿಕ್ಕಲಾಗಿದೆಯೆಂದು 1996ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿತು. ಅದು 2000ದಲ್ಲಿ ರಾಜಿಯಲ್ಲಿ ಮುಗಿಯಿತು.

ಕರ್ನಾಟಕದಲ್ಲಿ ಗಣಕ ಬಳಕೆಗೆ ಬಂದ ಕಾಲಕ್ಕೆ ಸಿಪಿ/ಎಂ ಹಿನ್ನೆಲೆಗೆ ಸರಿದಿತ್ತು. ಇಲ್ಲಿನ ಹೆಚ್ಚಿನವರು ಮೊದಲು ಕಂಡದ್ದು ಡಾಸ್. ಮುಂದೆ ಕನ್ನಡದ ಬರಹ, ನುಡಿ ತಂತ್ರಾಂಶಗಳು ವಿಂಡೋಸ್‌ಗಾಗಿ ರಚಿತವಾದವು. ಲಿನಕ್ಸ್ ಕಲಿಯಬಯಸಿದ ಕನ್ನಡಿಗರು ಇವುಗಳಿಗಾಗಿ ವಿಂಡೋಸನ್ನೂ ಉಳಿಸಿಕೊಳ್ಳಬೇಕಾದಾಗ, ಡಿಸ್ಕನ್ನು ಪಾಲು ಮಾಡಿ ಗ್ರಬ್ ಪಟ್ಟಿಯಿಂದ ಬೇಕಾದುದನ್ನು ಆರಿಸಿಕೊಳ್ಳುವುದೇ ದಾರಿಯಾಯಿತು. ಇತ್ತೀಚಿನ ಗಣಕಗಳಲ್ಲಿ ಬಯಾಸ್ ಸ್ಥಾನಕ್ಕೆ ಯುಇಎಫ್ಐ ಬಂದಿದೆ. ಆದರೂ ಗಣಕ ಆರಂಭವಾಗುವಾಗ ಕಾಣುವ ಆಯ್ಕೆಗಳ ಪರದೆಯನ್ನು ಬಯಾಸ್ ಎಂದು ಕರೆಯುವ ರೂಢಿ ತಪ್ಪಿಲ್ಲ.

2014ರ ಏಪ್ರಿಲ್ 25ರಂದು, ಡಿಜಿಟಲ್ ರಿಸರ್ಚ್ ಕಚೇರಿಯಿದ್ದ ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂ 801ನೆಯ ಸಂಖ್ಯೆಯ ಮನೆಯ ಮುಂದೆ ಐಇಇಇ ಸಂಸ್ಥೆ ಸ್ಮಾರಕ ಫಲಕವನ್ನು ಸ್ಥಾಪಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸಿಪಿ/ಎಂ ಆರಂಭದ ಆವೃತ್ತಿಗಳ ಮೂಲ ಸಂಕೇತವನ್ನು ಪ್ರಕಟಿಸಿತು. 2016ರಲ್ಲಿ ಕುಟುಂಬದವರ ಒಪ್ಪಿಗೆಯಿಂದ ಆತ್ಮಕಥನದ ಮೊದಲ ಭಾಗವೂ ಅಲ್ಲಿಂದಲೇ ಬೆಳಕಿಗೆ ಬಂದಿತು. ಕೊನೆಯ ಅಧ್ಯಾಯಗಳಲ್ಲಿ ಅವರ ನಿಜವಾದ ಸ್ವಭಾವ ಕಾಣುವುದಿಲ್ಲವೆಂದು ಮಕ್ಕಳು ಅವನ್ನು ಹೊರಗೆ ಬಿಡಲಿಲ್ಲ. ಅವರು ಪಾಠ ಹೇಳಿದ ಮಾಂಟೆರೆಯ ವಿದ್ಯಾಲಯದಲ್ಲಿ 2017ರಲ್ಲಿ ಸಭಾಕೊಠಡಿಯೊಂದಕ್ಕೆ ಅವರ ಹೆಸರನ್ನು ಇಡಲಾಯಿತು.